ಹಳದಿ ಬಿದ್ದಾಗ ನಿಲ್ಲಬೇಕೋ, ದಾಟಬೇಕೋ? ಹೊಸ ಚಾಲಕರಿಗೆ ಸಿಗ್ನಲ್ ಓದುವ ಕ್ರಮ

ಕೆಂಪಿಗೆ ನಿಲ್ಲು, ಹಸಿರಿಗೆ ಹೋಗು ಅಂತ ಉತ್ತರ ಬರೆದು ಎಲ್‌ಎಲ್‌ಆರ್ ತೆಗೆದುಕೊಳ್ಳುವುದು ಸುಲಭ. ಅಷ್ಟೇ ತಿಳಿದುಕೊಂಡು ಬೆಳಿಗ್ಗೆ ಒಂಬತ್ತೂವರೆಗೆ ದಾವಣಗೆರೆಯ ಪಿ.ಬಿ. ರಸ್ತೆಗೆ ಕಾರು ಇಳಿಸಿದರೆ ಕೈಕಾಲು ಆಡುವುದಿಲ್ಲ. ಎಡಕ್ಕೆ ಆಟೊ, ಬಲಕ್ಕೆ ಬೈಕು, ಹಿಂದೆ ಹಾರ್ನ್ ಬಾರಿಸುವ ಬಸ್ಸು. ಹೊಸಬರು ಹೆಚ್ಚಾಗಿ ಎಡವುವುದು ಎರಡು ಕಡೆ: ಹಳದಿ ಬಿದ್ದಾಗ, ಮತ್ತು ಹಸಿರಿನಲ್ಲಿ ಬಲಕ್ಕೆ ತಿರುಗುವಾಗ. ಇಲ್ಲಿ ಅವೆರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಕೆಂಪಿನ ವಿಷಯ ಮುಗಿಸೋಣ. ನಿಲ್ಲಬೇಕಾದದ್ದು ಸ್ಟಾಪ್ ಲೈನಿನ ಹಿಂದೆ, ಅಂದರೆ ಝೀಬ್ರಾ ಪಟ್ಟಿಗಿಂತ ಮೊದಲು ರಸ್ತೆಗೆ ಅಡ್ಡಲಾಗಿ ಎಳೆದಿರುವ ದಪ್ಪ ಬಿಳಿ ಗೆರೆಯ ಹಿಂದೆ. ಗೆರೆ ಅಳಿಸಿ ಹೋಗಿದ್ದರೆ ಝೀಬ್ರಾ ಪಟ್ಟಿಯ ಹಿಂದೆ; ಅದೂ ಇಲ್ಲದಿದ್ದರೆ ಸಿಗ್ನಲ್ ಕಂಬಕ್ಕಿಂತ ಸ್ವಲ್ಪ ಹಿಂದೆ. ಬೈಕಿನವರೆಲ್ಲ ಪಟ್ಟಿ ದಾಟಿ ನಿಂತಿದ್ದಾರೆ ಅಂತ ನೀವೂ ಮುಂದೆ ಸರಿಯಬೇಡಿ. ಹಾಗೆ ಸರಿದರೆ ದೀಪವೇ ತಲೆಯ ಮೇಲಕ್ಕೆ ಹೋಗಿ ಕಾಣುವುದಿಲ್ಲ, ಹಿಂದಿನವರು ಹಾರ್ನ್ ಹೊಡೆದಾಗಲೇ ಹಸಿರಾಗಿದ್ದು ಗೊತ್ತಾಗುವುದು. ಮುಂದೆ ಗಾಡಿ ಇದ್ದರೆ ಅದರ ಹಿಂದಿನ ಟೈರು ರಸ್ತೆಗೆ ತಾಗಿರುವ ಜಾಗ ನಿಮ್ಮ ಸೀಟಿನಿಂದ ಕಾಣುವಷ್ಟು ಅಂತರ ಬಿಡಿ. ಅದು ಕೆಟ್ಟು ನಿಂತರೂ ಪಕ್ಕದಿಂದ ತಿರುಗಿಸಿಕೊಂಡು ಹೋಗಲು ಅಷ್ಟು ಸಾಕು.

ನಿಂತ ಮೇಲೆ ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಒಂದನೇ ಗೇರಿನಲ್ಲಿಟ್ಟು ಕ್ಲಚ್ ಒತ್ತಿಕೊಂಡೇ ಒಂದೂವರೆ ನಿಮಿಷ ಕಾಯುವ ಅಭ್ಯಾಸ ತುಂಬ ಜನರಿಗಿದೆ. ಕಾಲು ನಡುಗಿ ಕ್ಲಚ್ ಜಾರಿದರೆ ಕಾರು ಜಿಗಿದು ಮುಂದಿನ ಬೈಕಿಗೆ ತಾಗುತ್ತದೆ. ರಿಲೀಸ್ ಬೇರಿಂಗ್ ಬೇಗ ಸವೆಯುವುದೂ ಈ ಅಭ್ಯಾಸದಿಂದಲೇ.

ಹಳದಿಯ ಲೆಕ್ಕ

ಹಳದಿ ಅಂದರೆ ‘ಬೇಗ ದಾಟಿಕೋ’ ಅಂತಲೇ ಊರಿನ ಅರ್ಧ ಜನ ತಿಳಿದಿದ್ದಾರೆ. ನಿಯಮದ ಪ್ರಕಾರ ಹಳದಿ ಎಂದರೂ ನಿಲ್ಲು ಎಂದೇ. ಸ್ಟಾಪ್ ಲೈನಿಗೆ ತೀರಾ ಹತ್ತಿರ ಬಂದುಬಿಟ್ಟು, ಗಕ್ಕನೆ ನಿಲ್ಲಿಸಿದರೆ ಅಪಾಯ ಅನ್ನುವಂತಿದ್ದರೆ ಮಾತ್ರ ದಾಟಬಹುದು. ಹಾಗಾದರೆ ‘ತೀರಾ ಹತ್ತಿರ’ ಎಂದರೆ ಎಷ್ಟು? ಇದನ್ನು ಲೆಕ್ಕ ಹಾಕಿಯೇ ತಿಳಿದುಕೊಳ್ಳಬಹುದು.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಹಳದಿ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು, ಅಂದರೆ 11 ಮೀಟರ್. ಒಣ ರಸ್ತೆಯಲ್ಲಿ, ಟೈರು ಚೆನ್ನಾಗಿದ್ದು ಹದವಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನು ಸುಮಾರು 15 ಮೀಟರ್. ಒಟ್ಟು 26 ಮೀಟರ್, ಎರಡು ಬಸ್ಸನ್ನು ಒಂದರ ಹಿಂದೊಂದು ನಿಲ್ಲಿಸಿದ್ದಕ್ಕಿಂತ ತುಸು ಹೆಚ್ಚು. ಹಳದಿ ಸಾಮಾನ್ಯವಾಗಿ 3 ಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಅದೇ ವೇಗದ ಗಾಡಿ 33 ಮೀಟರ್ ಹೋಗುತ್ತದೆ. ಹಾಗಾಗಿ 40ರಲ್ಲಿ ಹೋಗುತ್ತಿರುವವರಿಗೆ ಇಕ್ಕಟ್ಟೇನಿಲ್ಲ: ಗೆರೆ 26 ಮೀಟರಿಗಿಂತ ದೂರವಿದ್ದರೆ ನಿಲ್ಲಬಹುದು, ಅದಕ್ಕಿಂತ ಹತ್ತಿರವಿದ್ದರೆ ವೇಗ ಹೆಚ್ಚಿಸದೆಯೂ ಕೆಂಪಾಗುವ ಮುಂಚೆ ಗೆರೆ ದಾಟಬಹುದು.

60ಕ್ಕೆ ಏರಿಸಿ ನೋಡಿ. ನಿಲ್ಲಲು ಬೇಕಾದದ್ದು ಸುಮಾರು 51 ಮೀಟರ್, ಮೂರು ಸೆಕೆಂಡಿನಲ್ಲಿ ಸಾಗುವುದು 50 ಮೀಟರ್. ಅದಕ್ಕಿಂತ ವೇಗ ಹೆಚ್ಚಾದಂತೆಲ್ಲ ನಿಲ್ಲಲೂ ಆಗದ, ದಾಟಲೂ ಆಗದ ಒಂದು ಪಟ್ಟಿ ಸಿಗ್ನಲ್‌ಗೆ ಮುಂಚೆ ಹುಟ್ಟಿಕೊಳ್ಳುತ್ತದೆ. ಅದರೊಳಗೆ ಸಿಕ್ಕವರು ಏನು ಮಾಡಿದರೂ ತಪ್ಪೇ. ಇನ್ನು ಮಳೆ ಬಿದ್ದು ಬ್ರೇಕಿನ ಹಿಡಿತ ಅರ್ಧಕ್ಕಿಳಿಯಿತು ಎಂದಿಟ್ಟುಕೊಳ್ಳಿ: 40ರಲ್ಲೇ 42 ಮೀಟರ್ ಬೇಕಾಗುತ್ತದೆ. ಮಳೆಯಲ್ಲಿ ಸಿಗ್ನಲ್ ಹತ್ತಿರ ಬರುವಾಗ 30ಕ್ಕೆ ಇಳಿಸಿ ಎನ್ನುವುದು ಇದಕ್ಕೇ.

ಇದನ್ನೆಲ್ಲ ಸ್ಟೀರಿಂಗ್ ಹಿಡಿದು ಲೆಕ್ಕ ಹಾಕಲು ಆಗುವುದಿಲ್ಲ ನಿಜ. ಅದಕ್ಕೇ ನಿರ್ಧಾರವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ದೂರದಿಂದ ನೋಡಿದಾಗಲೇ ಹಸಿರು ಉರಿಯುತ್ತಿದ್ದರೆ ಅದು ಎಷ್ಟು ಹೊತ್ತಿನಿಂದ ಉರಿಯುತ್ತಿದೆಯೋ ಗೊತ್ತಿಲ್ಲ, ಈಗಲೋ ಆಗಲೋ ಹಳದಿ ಬೀಳುತ್ತದೆ ಎಂದೇ ತಿಳಿಯಿರಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲೆ ಒತ್ತದೆ ಇಟ್ಟುಕೊಳ್ಳಿ, ಹಿಂದಿನ ಕನ್ನಡಿ ನೋಡಿ. ರಸ್ತೆ ಬದಿಯ ಒಂದು ಗುರುತು ಹಿಡಿಯಿರಿ: ಒಂದು ವಿದ್ಯುತ್ ಕಂಬ, ಒಂದು ಅಂಗಡಿಯ ಬೋರ್ಡು. ಅದನ್ನು ದಾಟುವ ಮುಂಚೆ ಹಳದಿ ಬಿದ್ದರೆ ನಿಲ್ಲುವುದು, ದಾಟಿದ ಮೇಲೆ ಬಿದ್ದರೆ ಅದೇ ವೇಗದಲ್ಲಿ ಮುಂದೆ ಹೋಗುವುದು. ಹೀಗೆ ಮಾಡಿಕೊಂಡರೆ ಹಳದಿ ಬಿದ್ದಾಗ ಯೋಚಿಸುವ ಕೆಲಸವೇ ಇರುವುದಿಲ್ಲ.

ಹಿಂದಿನ ಕನ್ನಡಿ ನೋಡಿ ಎಂದದ್ದಕ್ಕೆ ಕಾರಣವಿದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿಗೆ ಹೋಗುವ ಲೋಡ್ ಟ್ರ್ಯಾಕ್ಟರು ನಿಮ್ಮ ಹಿಂದೆ ಇರಬಹುದು. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅಷ್ಟೂ ಭಾರವನ್ನು ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು, ಮೂಟೆಗಳ ತೂಕ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಅಂಥ ಗಾಡಿಯ ಮುಂದೆ ನೀವು ಗಕ್ಕನೆ ನಿಂತರೆ ಅವನಿಂದ ನಿಲ್ಲಿಸಲು ಆಗುವುದಿಲ್ಲ. ಬ್ರೇಕನ್ನು ಮೊದಲೇ ಮೆಲ್ಲಗೆ ಮುಟ್ಟಿ, ಹಿಂದಿನ ಕೆಂಪು ದೀಪ ಎರಡು ಮೂರು ಸಲ ಹೊತ್ತಿ ಆರುವಂತೆ ಮಾಡಿ, ಆಮೇಲೆ ನಿಲ್ಲಿಸಿ.

ಹಸಿರಾದ ಮೇಲೆ

ಟೈಮರ್ ಇರುವ ಸಿಗ್ನಲ್‌ನಲ್ಲಿ ಐದು ಸೆಕೆಂಡ್ ಉಳಿದಾಗ ಕ್ಲಚ್ ಒತ್ತಿ ಒಂದನೇ ಗೇರಿಗೆ ಹಾಕಿ. ಸೊನ್ನೆ ಬಂತು ಎಂದು ಬಿಟ್ಟ ಬಾಣದಂತೆ ಹೋಗಬೇಡಿ. ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ. ನಮ್ಮಲ್ಲಿ ಗಾಡಿಗಳು ಎಡಗಡೆ ಸಾಗುವುದರಿಂದ ವೃತ್ತದೊಳಕ್ಕೆ ಕಾಲಿಟ್ಟ ಕೂಡಲೇ ನಿಮಗೆ ಅಡ್ಡ ಬರುವುದು ಬಲಗಡೆಯ ಗಾಡಿ, ಅಂದರೆ ಅವರ ಕಡೆಯ ಹಳದಿಯಲ್ಲಿ ನುಗ್ಗಿದವನು. ಎಂಜಿನ್ ಆಫ್ ಆಗಿಬಿಟ್ಟರೆ ಗಾಬರಿ ಬೇಡ: ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಹಿಡಿದು, ಸ್ಟಾರ್ಟ್ ಮಾಡಿ, ಹಾಫ್ ಕ್ಲಚ್‌ನಲ್ಲಿ ಕಾರು ತುಸು ಎಳೆಯುವುದು ಗೊತ್ತಾದ ಮೇಲೆ ಬ್ರೇಕ್ ಬಿಡಿ. ಹಾರ್ನ್ ಹೊಡೆಯುವವರು ಹೊಡೆಯಲಿ, ಅವರಿಗೆ ಅದೇ ಕೆಲಸ.

ಬಲಕ್ಕೆ ತಿರುಗಬೇಕಾದವರು ಮೊದಲು ತಿಳಿಯಬೇಕಾದದ್ದು ಆ ಸಿಗ್ನಲ್ ಯಾವ ಬಗೆಯದು ಎಂಬುದು. ಕೆಲವು ಕಡೆ ನಾಲ್ಕು ರಸ್ತೆಗೂ ಒಂದೊಂದಾಗಿ ಹಸಿರು ಬಿಡುತ್ತಾರೆ. ನಿಮ್ಮ ಕಡೆ ಹಸಿರಿದ್ದಾಗ ಎದುರಿನವರಿಗೆ ಕೆಂಪಿರುತ್ತದೆ, ಬಲಕ್ಕೆ ಆರಾಮಾಗಿ ತಿರುಗಬಹುದು. ಇದರಲ್ಲಿ ಕಾಯುವುದು ಹೆಚ್ಚು: ಒಂದೊಂದು ರಸ್ತೆಗೆ 30 ಸೆಕೆಂಡ್ ಕೊಟ್ಟರೂ ಒಂದು ಸುತ್ತು ಎರಡು ನಿಮಿಷ, ಅದರಲ್ಲಿ 90 ಸೆಕೆಂಡ್ ನಿಮಗೆ ಕೆಂಪು. ಇನ್ನು ಕೆಲವು ಕಡೆ ಎದುರುಬದುರು ಎರಡು ರಸ್ತೆಗೂ ಒಟ್ಟಿಗೇ ಹಸಿರು. ಅಲ್ಲಿ ನಿಮ್ಮ ಹಸಿರು ಬಲಕ್ಕೆ ತಿರುಗಲು ಹಕ್ಕು ಕೊಡುವುದಿಲ್ಲ. ನೇರ ಬರುವವರನ್ನು ಬಿಟ್ಟು ಆಮೇಲೆ ತಿರುಗಬೇಕು.

ಯಾವ ಬಗೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ನೀವು ಕೆಂಪಿನಲ್ಲಿ ನಿಂತಾಗ ಎದುರಿನವರು ಹೊರಟರೆ ಒಂದೊಂದಾಗಿ ಬಿಡುವ ಸಿಗ್ನಲ್. ಗಾಂಧಿ ಸರ್ಕಲ್, ಜಯದೇವ ಸರ್ಕಲ್‌ನಂಥ ಗಿಜಿಗುಡುವ ಕಡೆ ಗಾಡಿ ತರುವ ಮುಂಚೆ ಒಂದು ಸಂಜೆ ನಡೆದುಕೊಂಡು ಹೋಗಿ, ಫುಟ್‌ಪಾತ್ ಮೇಲೆ ನಿಂತು ಒಂದೆರಡು ಸುತ್ತು ನೋಡಿಕೊಂಡು ಬರುವುದು ಡ್ರೈವಿಂಗ್ ಸ್ಕೂಲಿನ ಒಂದು ಕ್ಲಾಸಿಗಿಂತ ಹೆಚ್ಚು ಉಪಯೋಗ.

ಎದುರಿನವರನ್ನು ಬಿಡಲು ವೃತ್ತದ ನಡುವೆ ಕಾಯುವಾಗ ಮುಂದಿನ ಚಕ್ರ ನೇರವಾಗಿಯೇ ಇರಲಿ. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಟ್ಟುಕೊಂಡು ಕಾಯುವವರಿದ್ದಾರೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಕಾರು ಸೀದಾ ಎದುರು ಬರುವ ಗಾಡಿಗಳ ಮುಂದೆ ಹೋಗಿ ಬೀಳುತ್ತದೆ. ಚಕ್ರ ನೇರವಿದ್ದರೆ ನೇರಕ್ಕೆ ತಳ್ಳಿಕೊಂಡು ಹೋಗುತ್ತದೆ ಅಷ್ಟೆ. ಹಳದಿ ಬಿದ್ದು ಎದುರಿನವರು ನಿಂತದ್ದು ಕಣ್ಣಿಗೆ ಕಂಡ ಮೇಲೆ ತಿರುಗಿಸಿ ಜಾಗ ಖಾಲಿ ಮಾಡಿ. ತಿರುಗಿದ ರಸ್ತೆಯಲ್ಲಿ ಗಾಡಿ ತುಂಬಿ ನಿಂತಿದ್ದರೆ ಹಸಿರಿದ್ದರೂ ಸ್ಟಾಪ್ ಲೈನ್ ದಾಟಬಾರದು. ನಡುವೆ ಸಿಕ್ಕಿಕೊಂಡರೆ ನಾಲ್ಕೂ ರಸ್ತೆ ಬಂದ್. ರಸ್ತೆಯ ಮೇಲೆ ಹಳದಿ ಬಣ್ಣದಲ್ಲಿ ಅಡ್ಡಡ್ಡ ಗೆರೆಗಳ ಚೌಕ ಬರೆದಿದ್ದರೆ ಅದರ ಅರ್ಥವೂ ಇದೇ.

ಹಸಿರು ಬಾಣ ಬಂದರೆ ಬಾಣ ತೋರಿಸಿದ ಕಡೆಗೆ ಮಾತ್ರ ಹೋಗಬಹುದು. ಎಡಕ್ಕೆ ತಿರುಗುವುದು ಎಲ್ಲ ಕಡೆಯೂ ಫ್ರೀ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಫ್ರೀ ಲೆಫ್ಟ್ ಬೋರ್ಡು ಅಥವಾ ಎಡದ ಹಸಿರು ಬಾಣ ಇದ್ದರೆ ಹೋಗಿ, ಅದೂ ರಸ್ತೆ ದಾಟುವವರನ್ನು ಬಿಟ್ಟ ಮೇಲೆ. ಎರಡೂ ಇಲ್ಲದ ಕಡೆ ಹೊಸಬರು ಹಸಿರಿಗೆ ಕಾಯುವುದೇ ಸರಿ. ನೇರ ಹೋಗುವವರು ಫ್ರೀ ಲೆಫ್ಟ್ ಜಾಗಕ್ಕೆ ಅಡ್ಡ ನಿಂತರೆ ಬೈಗುಳ ಗ್ಯಾರಂಟಿ. ಎಡಕ್ಕೆ ತಿರುಗುವ ಮುಂಚೆ ಎಡಗನ್ನಡಿ ನೋಡಿ, ಒಮ್ಮೆ ಕತ್ತನ್ನೂ ತಿರುಗಿಸಿ ನೋಡಿ. ಕಾರಿಗೂ ಫುಟ್‌ಪಾತಿಗೂ ನಡುವಿನ ಸಂದಿನಲ್ಲಿ ಒಂದು ಬೈಕು ಇದ್ದೇ ಇರುತ್ತದೆ.

ಮಿನುಗುವ ದೀಪ, ಆರಿದ ದೀಪ, ಪೊಲೀಸರ ಕೈ

ರಾತ್ರಿ ಗಾಡಿ ಕಡಿಮೆಯಾದ ಮೇಲೆ ಕೆಲವು ಸಿಗ್ನಲ್‌ಗಳನ್ನು ಹಳದಿ ಮಿನುಗುವಂತೆ ಬಿಟ್ಟಿರುತ್ತಾರೆ: ವೇಗ ಇಳಿಸಿ, ಎರಡೂ ಕಡೆ ನೋಡಿ ಹೋಗಿ. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ಖಾಲಿ ಇದೆ ಎಂದು ಖಚಿತವಾದ ಮೇಲೆ ಹೊರಡಬೇಕು. ದೀಪವೇ ಆರಿಹೋಗಿದ್ದರೆ ಸಿಗ್ನಲ್ ಇಲ್ಲದ ವೃತ್ತದ ನಿಯಮ: ಮುಖ್ಯ ರಸ್ತೆಯವರಿಗೆ ಮೊದಲು ದಾರಿ, ಇಲ್ಲದಿದ್ದರೆ ನಿಮ್ಮ ಬಲಗಡೆಯಿಂದ ಬರುವವರಿಗೆ.

ಪೊಲೀಸರು ನಿಂತಿದ್ದರೆ ದೀಪಕ್ಕಿಂತ ಅವರ ಕೈ ದೊಡ್ಡದು. ಹಸಿರಿದ್ದರೂ ಅಂಗೈ ತೋರಿಸಿದರೆ ನಿಲ್ಲಬೇಕು, ಕೆಂಪಿದ್ದರೂ ಕೈಬೀಸಿ ಕರೆದರೆ ಹೋಗಬೇಕು. ನಿಮಗೆ ಬೆನ್ನು ಮಾಡಿ ನಿಂತು ಎಡಗೈಯನ್ನು ಪಕ್ಕಕ್ಕೆ ಚಾಚಿದ್ದರೆ ಅದು ಹಿಂದಿನಿಂದ ಬರುವವರಿಗೆ, ಅಂದರೆ ನಿಮಗೆ, ನಿಲ್ಲು ಎಂಬ ಸೂಚನೆ. ಹೊಸಬರು ಗಮನಿಸದೆ ಹೋಗುವುದು ಇದನ್ನೇ.

ಸಂಜೆ ಹರಿಹರದ ಕಡೆ ಮುಖ ಮಾಡಿ ಹೋಗುವಾಗ ಇಳಿಬಿಸಿಲು ಕಣ್ಣಿಗೇ ಹೊಡೆದು ಮೂರು ದೀಪವೂ ಒಂದೇ ಥರ ಮಸುಕಾಗಿ ಕಾಣುತ್ತವೆ. ಆಗ ಬಣ್ಣ ಹುಡುಕಬೇಡಿ, ಜಾಗ ನೋಡಿ: ಮೇಲಿನದು ಕೆಂಪು, ನಡುವಿನದು ಹಳದಿ, ಕೆಳಗಿನದು ಹಸಿರು. ಕೆಂಪು-ಹಸಿರು ಬೇರೆ ಮಾಡಿ ಕಾಣದವರಿಗೂ ಇದೇ ದಾರಿ. ಮುಂದಿನ ಗ್ಲಾಸಿನ ಒಳಮೈಯನ್ನೂ ಒರೆಸಿಟ್ಟುಕೊಳ್ಳಿ, ಧೂಳಿನ ಪೊರೆ ಬಿಸಿಲಿಗೆ ಬೆಳ್ಳಗಾಗುತ್ತದೆ.

ದಂಡದ ವಿಷಯ. ಕೆಂಪು ದೀಪ ಜಂಪ್ ಮಾಡುವುದನ್ನು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯೊಳಗೇ ಸೇರಿಸಿದ್ದಾರೆ. ಕಾಯ್ದೆಯಲ್ಲಿ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಅಥವಾ 6 ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ ಎಂದಿದೆ. ಕ್ಯಾಮೆರಾ ಇರುವ ಕಡೆ ಯಾರೂ ತಡೆಯದಿದ್ದರೂ ಚಲನ್ ಬರುತ್ತದೆ. ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಆಗಾಗ ನೋಡಿಕೊಳ್ಳಿ, ಮುಖ್ಯವಾಗಿ ಕೆಎ-17ರ ಹಳೇ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಮುಂಚೆ.

ಕೆಂಪಿನಲ್ಲಿ ನಿಂತಿರುವಾಗ ಹಿಂದೆ ಆಂಬುಲೆನ್ಸ್ ಬಂದರೆ? ದಾರಿ ಬಿಡದಿದ್ದರೆ 194-ಇ ಪ್ರಕಾರ 10,000 ರೂಪಾಯಿ ದಂಡ ಹಾಕಬಹುದು. ಆದರೆ ಗಾಬರಿಯಿಂದ ವೃತ್ತದೊಳಗೆ ನುಗ್ಗಿದರೆ ಅಡ್ಡ ಬರುವ ಗಾಡಿಗೆ ಸಿಗುತ್ತೀರಿ. ಇಂಡಿಕೇಟರ್ ಹಾಕಿ ಎಡಕ್ಕೆ ಒತ್ತರಿಸಿ. ಮುಂದೆ ಎರಡು ಮೀಟರ್ ಅಂತರ ಬಿಟ್ಟಿದ್ದರೆ ಓರೆಯಾಗಿ ಸರಿಯಲು ಜಾಗ ಇರುತ್ತದೆ. ಗೆರೆಯ ಬಳಿ ಮೊದಲ ಗಾಡಿ ನಿಮ್ಮದೇ ಆಗಿದ್ದು ಬೇರೆ ದಾರಿಯೇ ಇಲ್ಲದಿದ್ದರೆ, ಪೊಲೀಸರಿದ್ದರೆ ಅವರ ಕೈ ನೋಡಿ, ಇಲ್ಲದಿದ್ದರೆ ಬಲಗಡೆ ಖಾಲಿ ಇರುವುದನ್ನು ನೋಡಿಕೊಂಡು ಆಂಬುಲೆನ್ಸ್ ನುಸುಳುವಷ್ಟು ಮಾತ್ರ ಎಡಕ್ಕೆ ಮುಂದೆ ಸರಿದು, ಅಲ್ಲೇ ನಿಂತುಬಿಡಿ.