ಮುಯ್ಯಿ ಹಣ ಖಾತೆಗೆ ಬಂದ ಬಗೆ

ಮಂಡ್ಯದಲ್ಲಿ ತಂಗಿ ಮದುವೆ ಆಯ್ತು. ದೂರದ ನೆಂಟರು ಆನ್‌ಲೈನ್ ರಿಜಿಸ್ಟ್ರಿಯಲ್ಲಿ (ಮದುವೆ ಉಡುಗೊರೆ ಸ್ವೀಕರಿಸುವ ಜಾಲತಾಣ) ಹಾಕಿದ ಮುಯ್ಯಿ ಹಣ ಮಾತ್ರ ಖಾತೆಗೆ ಇಳಿಯಲಿಲ್ಲ. ಎರಡು ಸಲ ‘ವರ್ಗಾವಣೆ ವಿಫಲ’. ಅವಳ ಸಪ್ಪೆ ಮುಖ ನೋಡಿ ನನಗೆ ಸಂಕಟ.

ಪಾಸ್‌ಬುಕ್ ತೆಗೆದೆ. ಮೊದಲ ಪುಟದಲ್ಲಿ, ಅರಿಶಿನದ ಬೆರಳಚ್ಚಿನ ಪಕ್ಕ, ‘ಎಸ್‌ವೈಎನ್‌ಬಿ’ ಎಂದು ಶುರುವಾಗುವ ಹಳೇ ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯನ್ನು ಗುರುತಿಸುವ ಕೋಡ್! ಅದು ಸಿಂಡಿಕೇಟ್ ಬ್ಯಾಂಕಿನದು; ಆ ಬ್ಯಾಂಕ್ 2020ರ ಏಪ್ರಿಲ್ 1ಕ್ಕೇ ಕೆನರಾದಲ್ಲಿ ವಿಲೀನವಾಗಿತ್ತು. ಆ ಕೋಡ್ 2021ರ ಜುಲೈಯಿಂದ ನಡೆಯುತ್ತಿಲ್ಲ. ಶಾಖೆಗೆ ಹೋಗಿ ‘ಸಿಎನ್‌ಆರ್‌ಬಿ’ಯ ಹೊಸ ಕೋಡ್ ಬರೆಸಿಕೊಂಡು ಬಂದೆ. ರಿಜಿಸ್ಟ್ರಿಯಲ್ಲಿ ಅದನ್ನು ಹಾಕಿ, ಅಲ್ಲಿದ್ದ ತಂಗಿಯ ಹೆಸರನ್ನೂ ಪಾಸ್‌ಬುಕ್‌ನಲ್ಲಿದ್ದಂತೆ ಇನಿಷಿಯಲ್ ಸಮೇತ ತಿದ್ದಿದೆ. ಮಾರನೇ ದಿನ ಮಧ್ಯಾಹ್ನ ಹಣ ಬಂತು.

ಮದುವೆ ಉಡುಗೊರೆಗೆ ವಧೂವರರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೂ ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಇಳಿಸಿಟ್ಟುಕೊಳ್ಳಿ. ನಾಳೆ ಮುಯ್ಯಿ ತೀರಿಸುವಾಗಲೂ ಅದೇ ಬೇಕು.