ಅಕ್ಕಿಯಂಥ ನಕ್ಷತ್ರ ಮಂಡಕ್ಕಿಯಾಗದಂತೆ

ಕಳೆದ ಜನವರಿಯಲ್ಲಿ ಸಕಲೇಶಪುರದ ಆಚೆಗಿರುವ ಸೋದರಮಾವನ ತೋಟಕ್ಕೆ ಹೋಗಿ, ಗುಲಾಬಿ ಹೂವಿನಂತೆ ಕಾಣುವ ಅನಿಲದ ಮೋಡವಾದ ರೋಸೆಟ್ ನೀಹಾರಿಕೆಯ ಚಿತ್ರ ತೆಗೆದೆ. ಕಣದಲ್ಲಿ ಟಾರ್ಪಾಲು ಹೊದಿಸಿದ ಕಾಫಿ ರಾಶಿಗಳ ನಡುವೆ ಟ್ರೈಪಾಡ್ ನಿಲ್ಲಿಸಲು ಸಿಕ್ಕಿದ್ದು ಒಂದೇ ಮೂಲೆ. 200 ಮಿ.ಮೀ. ಲೆನ್ಸ್, ಎಫ್ 4, ಐಎಸ್ಒ 800, ಒಂದೊಂದು ನಿಮಿಷದ 120 ಚಿತ್ರಗಳು. ಮರುದಿನ ಲ್ಯಾಪ್‌ಟಾಪಿನಲ್ಲಿ ಅವನ್ನು ಕೂಡಿಸಿ, ಬೆಳಕು ಹೆಚ್ಚಿಸಿ, ಮಾವನಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಗುಲಾಬಿ ಎಲ್ಲಿದೆ ಮಾರಾಯ? ಮಂಡಕ್ಕಿ ಚೆಲ್ಲಿದ ಹಾಗಿದೆ" ಎಂದರು. ನಿಜವಾಗಿಯೂ ಹಾಗೆಯೇ ಇತ್ತು. ಅದೇ 120 ಚಿತ್ರಗಳಿಂದ ಆಮೇಲೆ ಗುಲಾಬಿ ಹೊರಬಂದ ದಾರಿ ಇದು.

ಮೊದಲು ಮಂಡಕ್ಕಿಯ ಕಾರಣ. ಲೆನ್ಸಿನ ಮೂಲಕ ಬಂದ ನಕ್ಷತ್ರ ಚುಕ್ಕೆಯಾಗಿ ಉಳಿಯುವುದಿಲ್ಲ. ನಡುವೆ ಪ್ರಖರವಾದ ತಿರುಳು, ಅದರ ಸುತ್ತ ಹೊರಕ್ಕೆ ಹೋದಂತೆ ಕ್ಷೀಣಿಸುವ ಬೆಳಕಿನ ಅಂಚು. ಆ ಅಂಚು ನೀಹಾರಿಕೆಯಷ್ಟೇ ಮಂದ. ನೀಹಾರಿಕೆಯನ್ನು ಎತ್ತಲು ಬೆಳಕಿನ ವಕ್ರರೇಖೆಯನ್ನು ಎಳೆದಾಗ, ಅಂದರೆ ಸ್ಟ್ರೆಚ್ ಮಾಡಿದಾಗ, ಅಂಚೂ ಜೊತೆಗೇ ಏಳುತ್ತದೆ. ಎರಡು ಪಿಕ್ಸೆಲ್‌ನ ನಕ್ಷತ್ರ ಹತ್ತು ಪಿಕ್ಸೆಲ್ ಆಗುತ್ತದೆ. ಉಬ್ಬಿದ ಮೇಲೆ ಕುಗ್ಗಿಸುವ ಉಪಾಯಗಳೂ ಇವೆ. ನಾನು ಒಂದು ವರ್ಷ ಅವನ್ನೇ ನಂಬಿದ್ದೆ. ನಕ್ಷತ್ರದ ಸುತ್ತ ಕಪ್ಪು ಬಳೆ ಮೂಡಿ, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿತ್ತು. ಮಂಡಕ್ಕಿಯನ್ನು ಮತ್ತೆ ಅಕ್ಕಿ ಮಾಡಲಾಗುವುದಿಲ್ಲ. ಹುರಿಯುವ ಮೊದಲೇ ಅಕ್ಕಿಯನ್ನು ಬೇರೆ ಎತ್ತಿಡಬೇಕು.

ನಾನು ಬಳಸುವುದು ಆಕಾಶದ ಚಿತ್ರಗಳನ್ನು ಸಂಸ್ಕರಿಸುವ ಸಿರಿಲ್ ಮತ್ತು ಚಿತ್ರದಿಂದ ನಕ್ಷತ್ರಗಳನ್ನು ಬೇರ್ಪಡಿಸುವ ಸ್ಟಾರ್‌ನೆಟ್ ಎಂಬ ಸಾಫ್ಟ್‌ವೇರುಗಳು. ಕೊನೆಯ ತಿದ್ದುಪಡಿಗೆ ಗಿಂಪ್. ಮೂರಕ್ಕೂ ಹಣ ಕೊಡಬೇಕಿಲ್ಲ. ಕ್ಯಾಮೆರಾ, ಲೆನ್ಸಿನ ದೋಷ ಕಳೆಯಲು ಬೇರೆಯಾಗಿ ತೆಗೆದ ಡಾರ್ಕ್, ಫ್ಲ್ಯಾಟ್, ಬಯಸ್ ಚಿತ್ರಗಳನ್ನು ಸೇರಿಸಿ ಸ್ಟ್ಯಾಕ್ ಮಾಡುವ, ಅಂದರೆ ಎಲ್ಲವನ್ನೂ ಕೂಡಿಸಿ ಒಂದೇ ಚಿತ್ರವಾಗಿಸುವ ಕೆಲಸವನ್ನು ಸಿರಿಲ್‌ನ ಸಿದ್ಧ ಸ್ಕ್ರಿಪ್ಟೇ ಮಾಡುತ್ತದೆ. ಬಂದ ಫೈಲನ್ನು ಬೆಳಕಿನ ಸೂಕ್ಷ್ಮ ವ್ಯತ್ಯಾಸ ಉಳಿಸುವ 32 ಬಿಟ್ ಫಿಟ್ಸ್ ರೂಪದಲ್ಲೇ ಇಟ್ಟುಕೊಳ್ಳಿ, ಜೆಪೆಗ್‌ಗೆ ಇಳಿಸಬೇಡಿ. ತೆರೆದರೆ ಪರದೆ ಕಪ್ಪಗಿರುತ್ತದೆ, ಗಾಬರಿ ಬೇಡ. ಆಟೊಸ್ಟ್ರೆಚ್ ನೋಟ ಆರಿಸಿದರೆ ನೀಹಾರಿಕೆ ಕಾಣುತ್ತದೆ, ಆದರೆ ಅದು ಕಣ್ಣಿಗೆ ಮಾತ್ರ, ಫೈಲಿನೊಳಗೆ ಏನೂ ಬದಲಾಗಿರುವುದಿಲ್ಲ.

ಅಂಚುಗಳನ್ನು ಕತ್ತರಿಸಿ, ಹಿನ್ನೆಲೆಯ ಹೊಳಪು ತೆಗೆಯಿರಿ. ನನ್ನ ಚಿತ್ರದಲ್ಲಿ ಹಾಸನದ ಕಡೆಯ ಮೂಲೆ ಬೆಳ್ಳಗಿತ್ತು. ಹಿನ್ನೆಲೆಯನ್ನು ಅಳೆಯಲು ಸಿರಿಲ್ ತಾನಾಗಿ ಇಡುವ ಮಾದರಿ ಚೌಕಗಳಲ್ಲಿ ನೀಹಾರಿಕೆಯ ಮೇಲೆ ಬಿದ್ದವನ್ನೆಲ್ಲ ಕೈಯಿಂದ ಅಳಿಸಿ. ಇಲ್ಲಿ ಸೋಮಾರಿತನ ಮಾಡಿದರೆ ಸಾಫ್ಟ್‌ವೇರು ಹೂವಿನ ಮಂದ ದಳಗಳನ್ನೇ ಕೊಳೆಯೆಂದು ಒರೆಸಿಹಾಕುತ್ತದೆ. ರೋಸೆಟ್ ಸುಮಾರು 1.3 ಡಿಗ್ರಿ ಅಗಲ, ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟರೂ ಅದನ್ನು ತುಂಬುವುದಿಲ್ಲ. ನಿಮಗೆ ಕಾಣುವುದಕ್ಕಿಂತ ಹೊರಗೂ ಅದು ಹರಡಿದೆ ಎಂದುಕೊಂಡೇ ಚೌಕ ಅಳಿಸಿ. ಆಮೇಲೆ ಫೋಟೊಮೆಟ್ರಿಕ್ ಬಣ್ಣ ಹೊಂದಾಣಿಕೆ. ಇದು ನಿಮ್ಮ ನಕ್ಷತ್ರಗಳನ್ನು ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ಬಣ್ಣ ಸರಿಮಾಡುತ್ತದೆ, ಹಾಗಾಗಿ ನಕ್ಷತ್ರಗಳನ್ನು ಬೇರ್ಪಡಿಸುವ ಮೊದಲೇ ಆಗಬೇಕು.

ಈಗ ಸ್ಟಾರ್‌ನೆಟ್. ಸ್ಟ್ರೆಚ್ ಮಾಡದ ಫೈಲಿಗೇ ಇದನ್ನು ಓಡಿಸಿ. ಅದಕ್ಕಾಗಿ ಇರುವ ಪೂರ್ವ ಸ್ಟ್ರೆಚ್ ಆಯ್ಕೆಗೂ, ನಕ್ಷತ್ರಗಳ ಚಿತ್ರವನ್ನು ಪ್ರತ್ಯೇಕವಾಗಿ ಕೊಡುವ ಆಯ್ಕೆಗೂ ಗುರುತು ಹಾಕಿ. ನನ್ನ ಹಳೆಯ ಲ್ಯಾಪ್‌ಟಾಪ್ ಇದಕ್ಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಎರಡು ಫೈಲು ಸಿಗುತ್ತವೆ: ನಕ್ಷತ್ರವಿಲ್ಲದ ನೀಹಾರಿಕೆ, ನೀಹಾರಿಕೆಯಿಲ್ಲದ ನಕ್ಷತ್ರಗಳು. ಎರಡನೆಯದನ್ನು ಆಟೊಸ್ಟ್ರೆಚ್‌ನಲ್ಲಿ ಹಿಗ್ಗಿಸಿ ನೋಡಿ. ಹೂವಿನ ಯಾವುದಾದರೂ ಹೊಳೆಯುವ ತುಣುಕು ಅಲ್ಲಿ ಸೇರಿಕೊಂಡಿದ್ದರೆ ಸ್ಟಾರ್‌ನೆಟ್ ಮೋಸಹೋಗಿದೆ ಎಂದರ್ಥ.

ನೀಹಾರಿಕೆಯ ಫೈಲಿನ ಮೇಲೆ ಧಾರಾಳವಾಗಿ ಹೊತ್ತು ಕಳೆಯಿರಿ. ಸಿರಿಲ್‌ನ ಹೈಪರ್ಬಾಲಿಕ್ ಸ್ಟ್ರೆಚ್‌ನಲ್ಲಿ ಸಿಮೆಟ್ರಿ ಪಾಯಿಂಟ್ ಎಂಬುದೊಂದಿದೆ: ವಕ್ರರೇಖೆ ಅತಿ ಕಡಿದಾಗಿ ಏರುವ ಜಾಗ. ಅದನ್ನು ಹಿಸ್ಟೋಗ್ರಾಮಿನ, ಅಂದರೆ ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆಯ, ಶಿಖರದ ಸ್ವಲ್ಪ ಎಡಕ್ಕೆ ಇಟ್ಟು, ಒಂದೇ ಏಟಿಗೆ ಎತ್ತದೆ ನಾಲ್ಕೈದು ಸಣ್ಣ ಹೆಜ್ಜೆಗಳಲ್ಲಿ ಎತ್ತಿ. ಎರಡು ಹೆಜ್ಜೆಯ ನಂತರ ಆ ಬಿಂದುವನ್ನು ಮಂದ ದಳದ ಹೊಳಪಿಗೆ ಸರಿಸಿ. ಆಗ ಹಿನ್ನೆಲೆಯ ಕತ್ತಲು ನಿಂತಲ್ಲೇ ನಿಂತು ದಳ ಮಾತ್ರ ಮೇಲೇಳುತ್ತದೆ. ನಡುವಿನ ಪೊಳ್ಳನ್ನು ಸುತ್ತುವರಿದ ಪ್ರಖರ ಭಾಗ ಬೆಳ್ಳಗಾಗುವಂತಿದ್ದರೆ ಹೈಲೈಟ್ ರಕ್ಷಣೆ ಹೆಚ್ಚಿಸಿ. ಆಕಾಶವನ್ನು ಕಡುಗಪ್ಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಬಲಿಯಾದರೆ ನೀವು ಹುಡುಕಿ ಹೊರಟ ಮಂದ ಬೆಳಕೇ ಮೊದಲು ಹೋಗುತ್ತದೆ. ಕಾಳುಕಾಳಾದ ಗದ್ದಲ ತಗ್ಗಿಸುವುದೂ ಈ ಫೈಲಿನಲ್ಲೇ, ಅದೂ ಅರ್ಧ ಬಲದಲ್ಲಿ. ಪೂರ್ತಿ ಬಲ ಹಾಕಿದರೆ ಹೂವು ಮೇಣದ ಬೊಂಬೆ.

ನಕ್ಷತ್ರದ ಫೈಲಿಗೆ ಅಷ್ಟು ಉಪಚಾರ ಬೇಡ. ಬಣ್ಣ ಕೆಡದಂತೆ ಎತ್ತುವ ಆಸಿನ್ಹ್ ಸ್ಟ್ರೆಚ್ ಮೆಲ್ಲಗೆ ಕೊಟ್ಟು, ಚಿಕ್ಕ ನಕ್ಷತ್ರಗಳು ಕಾಣತೊಡಗಿದ ಕ್ಷಣ ಕೈ ತೆಗೆಯಿರಿ. ಬಣ್ಣದ ಸಾಂದ್ರತೆ ತುಸು ಏರಿಸಿ. ರೋಸೆಟ್‌ನ ನಡುವೆ ಇರುವ ಎನ್‌ಜಿಸಿ 2244 ಗುಚ್ಛದ ಬಿಸಿ ನಕ್ಷತ್ರಗಳು ನೀಲಿಯಾಗಿ ನಿಲ್ಲಬೇಕು. ಸುತ್ತಲಿನ ಹೈಡ್ರೋಜನ್ ಕೆಂಪಗೆ ಬೆಳಗುವುದು ಅವುಗಳ ಅತಿನೇರಳೆ ಕಿರಣದಿಂದಲೇ. ಆ ನಕ್ಷತ್ರಗಳು ಬೆಳ್ಳಗೇ ಇದ್ದರೆ ಚಿತ್ರ ತೆಗೆಯುವಾಗಲೇ ತಿರುಳು ಸುಟ್ಟಿದೆ. ಕಂಪ್ಯೂಟರು ಅದಕ್ಕೆ ಬಣ್ಣ ತಂದುಕೊಡಲಾರದು. ಒಂದೊಂದು ಚಿತ್ರಕ್ಕೆ ನಾನು ಎರಡು ನಿಮಿಷದಿಂದ ಒಂದಕ್ಕೆ ಇಳಿದದ್ದು ಇದಕ್ಕಾಗಿಯೇ.

ಮತ್ತೆ ಕೂಡಿಸುವಾಗ ಬರೀ ಸಂಕಲನ ಮಾಡಬೇಡಿ, ಹೊಳೆಯುವ ದಳದ ಮೇಲಿರುವ ನಕ್ಷತ್ರ ಸುಟ್ಟಂತಾಗುತ್ತದೆ. ಗಿಂಪ್‌ನಲ್ಲಿ ನಕ್ಷತ್ರಗಳನ್ನು ಮೇಲಿನ ಪದರವಾಗಿಟ್ಟು, ಬೆಳಕು ಕೂಡಿದರೂ ಬಿಳಿಯ ಮಿತಿ ದಾಟದ ಸ್ಕ್ರೀನ್ ವಿಧಾನ ಆರಿಸಿ, ಪದರದ ಬಲವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಬನ್ನಿ. ನಾನು ನಿಂತದ್ದು 70ರಲ್ಲಿ. ನಕ್ಷತ್ರಗಳೇ ಇಲ್ಲದ ಚಿತ್ರ ಕೆಲವರಿಗೆ ಇಷ್ಟ. ನನಗೆ ಅದು ಕಾರ್ಪೆಟ್ಟಿನ ಕಲೆಯಂತೆ ಕಾಣುತ್ತದೆ.

ಬೇರ್ಪಡಿಸಿದ ಎರಡೂ ಫೈಲುಗಳನ್ನು ಉಳಿಸಿಕೊಂಡಿರಿ, ರಾತ್ರಿ ಹನ್ನೆರಡಕ್ಕೆ ಸರಿ ಕಂಡ ಕೆಂಪು ಬೆಳಿಗ್ಗೆ ಕಣ್ಣಿಗೆ ಹೊಡೆಯುವುದು ಖಂಡಿತ. ಮಾವನಿಗೆ ಹೊಸ ಚಿತ್ರ ಕಳಿಸಿದ್ದೇನೆ. ಅವರು ಅದನ್ನು ಹಿಗ್ಗಿಸಿ, ಎಡತುದಿಯಲ್ಲಿ ನಕ್ಷತ್ರಗಳು ಯಾಕೆ ಉದ್ದುದ್ದ ಇವೆ ಎಂದು ಕೇಳಿದ್ದಾರೆ. ಅದು ಲೆನ್ಸಿನ ತಪ್ಪು.