ಅಮೆರಿಕದ ಕಾಲೇಜಿಗೆ ಹೊಸದಾಗಿ ಸೇರುವವರು ಕೋರ್ಸುಗಳನ್ನು ಯೋಜಿಸುವ ಬಗೆ

ಪಿಯುಸಿ ಮುಗಿಸಿ ಅಮೆರಿಕದಲ್ಲಿ ಪದವಿ ಓದಲು ಹೋಗುವ ವಿದ್ಯಾರ್ಥಿಯು ಯಾವ ಸೆಮಿಸ್ಟರಿನಲ್ಲಿ ಯಾವ ಕೋರ್ಸನ್ನು ಓದಬೇಕೆಂಬುದನ್ನು ಬಹುಮಟ್ಟಿಗೆ ತಾನೇ ನಿರ್ಧರಿಸಬೇಕಾಗುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ನಿಯಮಗಳೂ ಇದರೊಂದಿಗೆ ಹೆಣೆದುಕೊಂಡಿರುವುದರಿಂದ, ಅಲ್ಲಿಯ ಸಹಪಾಠಿಗೆ ಕೇವಲ ಅಂಕಗಳ ಪ್ರಶ್ನೆಯಾಗಿರುವ ತೀರ್ಮಾನವು ನಿಮಗೆ ಆ ದೇಶದಲ್ಲಿ ಉಳಿಯುವ ಅರ್ಹತೆಯ ಪ್ರಶ್ನೆಯೂ ಆಗಬಹುದು.

ಮೊದಲು ಲೆಕ್ಕವನ್ನು ನೋಡೋಣ. ಸೆಮಿಸ್ಟರ್ ಪದ್ಧತಿಯಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳು (ಪ್ರತಿ ಕೋರ್ಸಿನ ಓದಿನ ಪ್ರಮಾಣವನ್ನು ಅಳೆಯುವ ಮಾನ) ಬೇಕು; ಪದವಿ ವಿದ್ಯಾರ್ಥಿಯು ವೀಸಾ ಉಳಿಸಿಕೊಳ್ಳಲು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಕನಿಷ್ಠವನ್ನೇ ಗುರಿಯೆಂದು ತಿಳಿದು ಎಂಟೂ ಸೆಮಿಸ್ಟರುಗಳಲ್ಲಿ ಹನ್ನೆರಡರಂತೆ ಓದಿದರೆ 96 ಮಾತ್ರ ಆಗುತ್ತದೆ, ಉಳಿದ 24ಕ್ಕೆ ಇನ್ನೊಂದು ವರ್ಷದ ಶುಲ್ಕ ಕಟ್ಟಬೇಕಾಗಬಹುದು. ಹಾಗೆಂದು ಮೊದಲ ಸೆಮಿಸ್ಟರಿನಲ್ಲೇ 18 ಕ್ರೆಡಿಟ್ ಹೊರುವುದೂ ಸರಿಯಲ್ಲ. ಹದಿನೈದು ಒಳ್ಳೆಯ ಆರಂಭವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಷ್ಟವೆನಿಸಿದ ಮೂರು ಕ್ರೆಡಿಟ್‌ನ ಒಂದು ಕೋರ್ಸನ್ನು ಬಿಟ್ಟರೂ ಹನ್ನೆರಡಕ್ಕಿಂತ ಕೆಳಗೆ ಇಳಿಯದಷ್ಟು ಅವಕಾಶ ಉಳಿದಿರುತ್ತದೆ. ಒಂದು ಸೆಮಿಸ್ಟರಿನ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಆನ್‌ಲೈನ್ ಕೋರ್ಸ್, ಅಂದರೆ ಮೂರು ಕ್ರೆಡಿಟ್ ಮಾತ್ರ ಸೇರುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಯೋಜನೆಯನ್ನು ಕೊನೆಯ ವರ್ಷದಿಂದ ಹಿಂದಕ್ಕೆ ಬರೆಯಿರಿ. ನೀವು ಓದಬೇಕೆಂದಿರುವ ಕೊನೆಯ ವರ್ಷದ ಕೋರ್ಸಿಗೆ ಮುನ್ನ ಯಾವುದನ್ನು ಮುಗಿಸಿರಬೇಕು, ಅದಕ್ಕೂ ಮುನ್ನ ಯಾವುದು ಎಂದು ಹುಡುಕುತ್ತಾ ಹೋದರೆ, ಎಂಜಿನಿಯರಿಂಗ್‌ನಲ್ಲಾದರೆ ಆ ಸರಪಳಿ ಬಹುಪಾಲು ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್‌ಗೆ ಬಂದು ನಿಲ್ಲುತ್ತದೆ. ಕೆಲವು ಕೋರ್ಸುಗಳು ವರ್ಷಕ್ಕೊಮ್ಮೆ ಮಾತ್ರ ನಡೆಯುವುದರಿಂದ, ಒಂದು ಕೊಂಡಿ ತಪ್ಪಿದರೆ ಪೂರ್ತಿ ಒಂದು ವರ್ಷ ಕಾಯಬೇಕಾಗಬಹುದು.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಕೋರ್ಸ್ ಬಿಡುವ ವಿಷಯ. ನಿಮಗೆ ಇಬ್ಬರು ಸಲಹೆಗಾರರು ಇರುತ್ತಾರೆ: ಓದಿನ ಬಗ್ಗೆ ಹೇಳುವ ಅಕಾಡೆಮಿಕ್ ಅಡ್ವೈಸರ್ ಮತ್ತು ನಿಮ್ಮ ಐ-20 ದಾಖಲೆಯನ್ನು (ವಿದ್ಯಾರ್ಥಿ ವೀಸಾಕ್ಕೆ ಆಧಾರವಾಗಿ ಕಾಲೇಜು ಕೊಡುವ ಪತ್ರ) ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ, ಅಂದರೆ ಡಿಎಸ್‌ಒ. ಮೊದಲನೆಯವರು ಸದುದ್ದೇಶದಿಂದಲೇ "ಈ ಕೋರ್ಸ್ ಬಿಡಿ" ಎನ್ನಬಹುದು. ಆದರೆ ಡಿಎಸ್‌ಒ ಅನುಮತಿ ಪಡೆಯದೆ ಹನ್ನೆರಡು ಕ್ರೆಡಿಟ್‌ಗಿಂತ ಕೆಳಗಿಳಿದರೆ ನಿಮ್ಮ ಎಫ್-1 ಸ್ಥಿತಿಗೇ ಧಕ್ಕೆಯಾಗುತ್ತದೆ. ಆದ್ದರಿಂದ ಮೊದಲು ಅನುಮತಿ, ಆಮೇಲೆ ಬಿಡುವುದು. ಆರಂಭದಲ್ಲಿ ಇಂಗ್ಲಿಷ್ ತೊಡಕಾದರೆ, ಅಲ್ಲಿನ ಬೋಧನಾ ಕ್ರಮಕ್ಕೆ ಹೊಂದಿಕೊಳ್ಳಲಾಗದಿದ್ದರೆ ಅಥವಾ ನಿಮ್ಮ ಮಟ್ಟಕ್ಕೆ ಒಗ್ಗದ ಕೋರ್ಸಿಗೆ ಸೇರಿದ್ದರೆ ಈ ವಿನಾಯಿತಿಯನ್ನು ಕೇಳಬಹುದು. ಆಗಲೂ ಕನಿಷ್ಠ ಆರು ಕ್ರೆಡಿಟ್ ಉಳಿಸಿಕೊಳ್ಳಬೇಕು, ಮತ್ತು ಒಂದು ಪದವಿಯ ಮಟ್ಟದಲ್ಲಿ ಇದು ಒಮ್ಮೆ ಮಾತ್ರ ದೊರೆಯುತ್ತದೆ. ಅನಾರೋಗ್ಯಕ್ಕೆ ಬೇರೆ ನಿಯಮವಿದೆ. ಅದಕ್ಕೆ ವೈದ್ಯರ ಪತ್ರ ಬೇಕು. ಸಂಕೋಚದಿಂದ ಸುಮ್ಮನಿದ್ದು ನಂತರ ಹೇಳಿದರಾಯಿತೆಂದು ದಯವಿಟ್ಟು ಕಾಯಬೇಡಿ.

ಅಲ್ಲಿ ಅನೇಕ ಕೋರ್ಸುಗಳ ಅಂಕಗಳು ಮೊದಲ ವಾರಗಳ ಹೋಮ್‌ವರ್ಕ್‌ನಿಂದಲೇ ಕೂಡತೊಡಗುತ್ತವೆ. ಕೊನೆಯ ಪರೀಕ್ಷೆಯಲ್ಲಿ ಸರಿದೂಗಿಸುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಪ್ರತಿ ಕೋರ್ಸಿನ ಸಿಲಬಸ್‌ನಲ್ಲಿರುವ ದಿನಾಂಕಗಳನ್ನು ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿ, ಮೂರನೆಯ ವಾರದೊಳಗೆ ಪ್ರಾಧ್ಯಾಪಕರನ್ನು ಅವರ ಆಫೀಸ್ ಅವರ್ಸ್‌ನಲ್ಲಿ (ವಿದ್ಯಾರ್ಥಿಗಳನ್ನು ಕಾಣಲು ಅವರು ಮೀಸಲಿಟ್ಟ ಸಮಯ) ಒಮ್ಮೆಯಾದರೂ ಕಾಣಿರಿ. ಕ್ಯಾಂಪಸ್ಸಿನ ಕೆಲಸಕ್ಕೆ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿಯಿದೆ. ಮೊದಲ ಸೆಮಿಸ್ಟರಿನಲ್ಲಿ ಅದರ ಅರ್ಧವೇ ಸಾಕು.

ಮುಖ್ಯ ವಿಷಯವನ್ನು ಬದಲಿಸುವ ಮುನ್ನ ಐ-20ಯಲ್ಲಿ ನಮೂದಾಗುವ ಆ ವಿಷಯದ ಸಂಕೇತವನ್ನು ಡಿಎಸ್‌ಒ ಬಳಿ ಪರಿಶೀಲಿಸಿ. ಪದವಿಯ ನಂತರ ದೊರೆಯುವ 12 ತಿಂಗಳ ಒಪಿಟಿಗೆ (ಓದಿದ ವಿಷಯದಲ್ಲಿ ಅಲ್ಲಿ ಕೆಲಸ ಮಾಡುವ ಅನುಮತಿ) ಮತ್ತೆ 24 ತಿಂಗಳ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಸ್ತರಣೆ ಸಿಗುತ್ತದೆಯೇ ಎಂಬುದಕ್ಕೆ ಈ ಸಂಕೇತವೂ ಒಂದು ಆಧಾರ. ಹೆಸರಿನಲ್ಲಿ ಹೋಲುವ ಎರಡು ವಿಷಯಗಳಿಗೂ ಅದು ಬೇರೆಯಾಗಿರಬಹುದು.